ಮಳೆಯಲ್ಲಿ ನೋಡಿದ ಮನೆ

ಕಳೆದ ವರ್ಷ ಜುಲೈ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆಯಿಂದ ಹಿಡಿದ ಮಳೆ ಇನ್ನೂ ಬಿಡದಿದ್ದಾಗ, ನನ್ನ ಅಕ್ಕ ಮತ್ತು ಭಾವ ದಾವಣಗೆರೆಯ ಅಂಚಿನಲ್ಲಿ ಮಾರಾಟಕ್ಕಿದ್ದ ಒಂದು ಮನೆಯನ್ನು ಮೂರನೆಯ ಸಲ ನೋಡಿದರು. ನಾನೂ ಜೊತೆಯಲ್ಲಿದ್ದೆ. ತಾರಸಿ ಎಲ್ಲಿಯೂ ಸೋರುತ್ತಿರಲಿಲ್ಲ.

ಮಳೆಯ ದಿನವನ್ನು ಬೇಕೆಂದೇ ಆರಿಸಿಕೊಂಡಿದ್ದೆವು. ಕಟ್ಟಿದ ಮನೆ ಕೊಳ್ಳುವುದಾದರೆ ಮಳೆಗಾಲದಲ್ಲಿ ನೋಡಿ ಕೊಳ್ಳಬೇಕೆಂಬುದು ನಮ್ಮ ಮನೆಯ ರೂಢಿ. ನಮ್ಮ ಕಡೆ ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಬೇಸಿಗೆಯಲ್ಲಿ ಯಾವ ಮನೆಯೂ ಸೋರುವುದಿಲ್ಲ, ಮಳೆ ಬಿದ್ದಾಗಲೇ ಮನೆಯ ಬಂಡವಾಳ ತಿಳಿಯುತ್ತದೆ ಎಂಬುದು ಅದರ ಹಿಂದಿನ ತರ್ಕ. ಭಾವ ಕೋಣೆಯಿಂದ ಕೋಣೆಗೆ ಹೋಗಿ ಕತ್ತೆತ್ತಿ ಚಾವಣಿ ನೋಡಿದರು. ಅಕ್ಕ ಗೋಡೆಗಳ ಮೂಲೆಗೆ ಅಂಗೈ ಒತ್ತಿ ನೋಡಿದಳು. ಎಲ್ಲವೂ ಒಣಗಿಯೇ ಇತ್ತು.

"ಒಂದ್ ಹನಿ ಇಲ್ಲ ನೋಡ್ರಿ," ಎಂದರು ಬ್ರೋಕರ್, ಮಳೆಯನ್ನು ತಾವೇ ತರಿಸಿದವರಂತೆ. "ಇಂಥ ಮಳ್ಯಾಗೆ ಎಸ್.ಎಸ್. ಬಡಾವಣೆ ಬಂಗಲೆನೂ ಸೋರ್ತಾವೆ."

ಅಕ್ಕನಿಗೆ ಆ ಮನೆ ಬೇಕಾಗಿದ್ದಕ್ಕೆ ಕಾರಣ ಬಂಗಲೆಯ ಆಸೆಯಲ್ಲ, ಅವಳ ಮೊಣಕಾಲು. ಹರಿಹರದಲ್ಲಿ ಅವಳು ಬಾಡಿಗೆಗಿದ್ದ ಮನೆ ಮಹಡಿಯ ಮೇಲಿತ್ತು. ಮನೆಯಲ್ಲೇ ರವಿಕೆ ಹೊಲಿಯುವ ಅವಳು ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಗೋಡೆಗೆ ಮುಖ ಮಾಡಿ, ಅಡ್ಡಡ್ಡ ಇಳಿಯುತ್ತಿದ್ದಳು. ಆಮೇಲಾಮೇಲೆ ಇಳಿಯುವುದನ್ನೇ ಕಡಿಮೆ ಮಾಡಿದಳು. ತರಕಾರಿಯವನು ಕೂಗಿದರೆ ಹಗ್ಗಕ್ಕೆ ಚೀಲ ಕಟ್ಟಿ ಕೆಳಗೆ ಬಿಡುತ್ತಿದ್ದಳು. ಮನೆ ಮಾಲೀಕರು ಮಗನ ಮದುವೆಗೆಂದು ದೀಪಾವಳಿಯೊಳಗೆ ಮಹಡಿ ಬಿಟ್ಟುಕೊಡಲು ಕೇಳಿದ್ದರು. ಮುಂದಿನ ಮನೆ ನೆಲದ ಮೇಲೆಯೇ ಇರಬೇಕು, ಅದು ಸ್ವಂತದ್ದೇ ಆಗಬೇಕು ಎಂದು ಅವಳು ತೀರ್ಮಾನಿಸಿದ್ದಳು. ಅಂಥ ಮನೆ ಸಿಗುವುದು ಈಗ ಸುಲಭವಲ್ಲ. ಹೊಸ ಬಡಾವಣೆಗಳಲ್ಲಿ ನೆಲದ ಮಟ್ಟದಲ್ಲಿ ಕಾರು ಇರುತ್ತದೆ, ಜನ ಮೇಲಿರುತ್ತಾರೆ.

ಈ ಮನೆ ಹಾಗಿರಲಿಲ್ಲ. ಲೋಕಿಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಂದೆ ಭತ್ತದ ಗದ್ದೆಗಳಿದ್ದ ಜಾಗದಲ್ಲಿ ಬಿದ್ದಿರುವ ಸಣ್ಣ ಲೇಔಟಿನಲ್ಲಿತ್ತು. ಒಂದೇ ಅಂತಸ್ತು. ಒಂದು ಹಾಲು, ಅಡುಗೆಮನೆ, ಎರಡು ಮಲಗುವ ಕೋಣೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಮಾಲೀಕರು ಮಂಡಿಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಅಂಗಡಿ ಇಟ್ಟಿರುವ ಹಿರಿಯರು. ಮಗಳಿಗೆಂದು ಕಟ್ಟಿಸಿದ್ದರು. ಮಗಳು ಗಂಡನ ವ್ಯಾಪಾರದ ಜೊತೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ನೆಲೆಸಿದ್ದರಿಂದ ಮಾರುತ್ತಿದ್ದರು. ನಾವು ಹೋದಾಗಲೆಲ್ಲ ಅಕ್ಕನಿಗೆ ಮೊದಲು ಕುರ್ಚಿ ಹಾಕಿಸಿ, "ಕೂಡ್ರಿ ಅಕ್ಕಾರ, ಮನಿ ಎಲ್ಲೂ ಓಡಿ ಹೋಗಂಗಿಲ್ಲ," ಎನ್ನುತ್ತಿದ್ದರು.

ಭಾವ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಮಾಡುವುದನ್ನು ಸಾಲಾಗಿ ಮಾಡುವವರು. ವಕೀಲರಿಂದ ಖಾತೆ, ಋಣಭಾರ ಪತ್ರ ನೋಡಿಸಿದ್ದರು. ನಲ್ಲಿ ನೀರು ಯಾವ ದಿನ ಎಷ್ಟು ಹೊತ್ತು ಬರುತ್ತದೆಂದು ನೆರೆಯವರನ್ನು ವಿಚಾರಿಸಿದ್ದರು. ಸ್ನೇಹಿತರೊಬ್ಬರನ್ನು ಕರೆತಂದು ವಾಸ್ತು ಕೂಡ ನೋಡಿಸಿಯಾಗಿತ್ತು. ಕಾಗದ ಸರಿ, ನೀರು ಸರಿ, ದಿಕ್ಕು ಸರಿ, ಈಗ ಮಳೆಯೂ ಸರಿ. ಮರುವಾರ ಎಲೆ ಅಡಿಕೆ ಇಟ್ಟು ಮುಂಗಡ ಕೊಡುವುದೆಂದು ಮಾತಾಯಿತು.

ನಾನು ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಕೆಲಸ ಮಾಡುತ್ತೇನೆ. ಹಿಂದೊಮ್ಮೆ ಒಂದು ಗೋಡೆ ಕುಸಿತದ ಸುದ್ದಿ ಪ್ರಕಟವಾದಾಗ, ನಾವು ಬರೆದಿದ್ದ ಕಾರಣ ತಪ್ಪೆಂದು ಕಚೇರಿಗೆ ಫೋನ್ ಮಾಡಿ ವಿವರಿಸಿದ್ದ ಸಿವಿಲ್ ಇಂಜಿನಿಯರ್ ಒಬ್ಬರ ಪರಿಚಯವಿತ್ತು. ನಗರದಲ್ಲೇ ಇರುವ ಆಕೆ, ಹಳೆಯ ಮನೆ ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡಿ ವರದಿ ಕೊಡುತ್ತಾರೆ. ಮುಂಗಡಕ್ಕೆ ಮುಂಚೆ ಅವರನ್ನು ಕರೆಸೋಣ ಎಂದೆ.

"ಬ್ಯಾಂಕಿನೋರು ಇಂಜಿನಿಯರ್ ಕಳಿಸ್ತಾರಲ್ಲಪ್ಪ, ಲೋನ್ ಕೊಡಾಕೆ," ಎಂದರು ಭಾವ. "ಮತ್ತೊಬ್ರು ಯಾಕ?"

ಫೋನಿನಲ್ಲಿ ಇದೇ ಪ್ರಶ್ನೆಯನ್ನು ಆಕೆಗೇ ಕೇಳಿದೆ. ಅವರ ಉತ್ತರ ಹೀಗಿತ್ತು: "ನಾನೂ ಬ್ಯಾಂಕಿನ ಕೆಲ್ಸ ಮಾಡೀನಿ ಸರ್. ಬ್ಯಾಂಕಿನ ಪರವಾಗಿ ಹೋದಾಗ, ನಾಳೆ ನೀವು ಕಂತು ಕಟ್ದೇ ಇದ್ರೆ ಆ ಮನೆ ಮಾರಿದ್ರೆ ಎಷ್ಟು ಬರ್ತೈತೆ ಅಂತ ನೋಡ್ತೀನಿ. ನಿಮ್ಮ ಪರವಾಗಿ ಬಂದ್ರೆ, ಆ ಮನ್ಯಾಗೆ ನೀವು ಹೆಂಗಿರ್ತೀರಿ ಅಂತ ನೋಡ್ತೀನಿ. ಎರಡೂ ಒಂದೇ ಅಲ್ಲ." ಜೊತೆಗೆ ಎರಡು ಷರತ್ತು ಹಾಕಿದರು. ಕೊಳ್ಳುವವರು ತಪಾಸಣೆಯ ಪೂರ್ತಿ ಹೊತ್ತು ಜೊತೆಗಿರಬೇಕು. ಶುಲ್ಕವನ್ನು ಕೊಳ್ಳುವವರೇ ಕೊಡಬೇಕು. ಬ್ರೋಕರ್ ಕೊಡುತ್ತೇನೆಂದರೂ ಬೇಡ ಅನ್ನಬೇಕು.

ಮಾಲೀಕರನ್ನು ಕೇಳುವುದೇ ಭಾವನಿಗೆ ಕಷ್ಟವಾಯಿತು. ಮನೆಗೆ ಕರೆದು ಚಹಾ ಕೊಟ್ಟವರ ಗೋಡೆಯನ್ನು ಪರೀಕ್ಷೆ ಮಾಡಿಸುತ್ತೇವೆ ಎನ್ನುವುದು ಹೇಗೆ? ಕೊನೆಗೆ ಅಕ್ಕನೇ ಫೋನ್ ಮಾಡಿದಳು. ಮಾಲೀಕರು ಯಾಕೆಂದು ಒಮ್ಮೆ ಕೇಳಿದರಂತೆ. ಆಮೇಲೆ, "ಕರ್ಕೊಂಡ್ ಬರ್ರಿ ಅಕ್ಕಾರ, ನಂದೇನೈತೆ," ಎಂದರಂತೆ.

ಆಗಸ್ಟ್‌ನಲ್ಲಿ ಒಂದು ದಿನ ಬೆಳಿಗ್ಗೆ ಇಂಜಿನಿಯರ್ ಸ್ಕೂಟರಿನಲ್ಲಿ ಬಂದರು. ಹೆಗಲ ಚೀಲದಲ್ಲಿ ಟಾರ್ಚು, ಮಟ್ಟಗೋಲು, ತೇವ ಅಳೆಯುವ ಸಣ್ಣ ಮೀಟರು, ಒಂದು ಮಡಚುವ ಏಣಿ ಬೇರೆ. ಏಣಿ ಇಳಿಸುತ್ತಿದ್ದಾಗ ಬ್ರೋಕರ್ ಎಲ್ಲರಿಗೂ ಕೇಳುವಂತೆ ಹೇಳಿದರು: "ಹೆಣ್ಣು ನೋಡಾಕೆ ಬರೋರು ಡಾಕ್ಟರ್ನ ಕರ್ಕೊಂಡ್ ಬಂದಂಗಾತು."

"ಕರ್ಕೊಂಡ್ ಬಂದಿದ್ರೆ ಎಷ್ಟೋ ಹೆಣ್ಮಕ್ಕಳು ಬದುಕ್ತಿದ್ರು," ಎಂದರು ಆಕೆ, ಏಣಿಯ ಕೀಲು ಬಿಗಿಮಾಡುತ್ತ. "ಆದ್ರೆ ಗಂಡಿಗೆ ಮಾಡಿಸ್ಬೇಕಿತ್ತು ಪರೀಕ್ಷೆ."

ಮಾಲೀಕರು ಮೊದಲು ನಕ್ಕರು. ಅವರು ನಕ್ಕಿದ್ದರಿಂದ ಭಾವನೂ ನಕ್ಕರು.

ಇಂಜಿನಿಯರ್ ಕೂಡಲೇ ಒಳಗೆ ಬರಲಿಲ್ಲ. ಮೊದಲು ಮನೆಯ ಸುತ್ತ ಹೊರಗಡೆ ನಡೆದರು. ಅಂಗಳದ ನೀರು ಯಾವ ಕಡೆ ಹರಿಯುತ್ತದೆ, ಸ್ನಾನದ ನೀರಿನ ಪೈಪು ಗೋಡೆಯಿಂದ ಎಷ್ಟು ದೂರದಲ್ಲಿ ಚರಂಡಿ ಸೇರುತ್ತದೆ ಎಂದು ನೋಡಿದರು. ತಾರಸಿ ಹತ್ತಿ ನೀರಿನ ಟ್ಯಾಂಕಿನ ಕೆಳಗೆ ಟಾರ್ಚು ಬಿಟ್ಟರು. ಸಂಪಿನ ಮುಚ್ಚಳ ತೆಗೆಸಿದರು. ಮೀಟರ್ ಬೋರ್ಡು ತೆಗೆದು, ಅರ್ಥಿಂಗ್ ತಂತಿ ಇದೆ, ಆದರೆ ಅದು ಯಾವುದಕ್ಕೂ ಸೇರಿಲ್ಲ ಎಂದು ತೋರಿಸಿದರು. ಬಚ್ಚಲಿನ ಟೈಲ್ಸನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದಾಗ ಒಂದು ಕಡೆ ಶಬ್ದ ಬದಲಾಗಿದ್ದು ನಮಗೂ ಕೇಳಿಸಿತು. ಕೆಳಗೆ ಪೊಳ್ಳು. ಇವೆಲ್ಲ ಸಣ್ಣವು, ರಿಪೇರಿ ಆಗುವಂಥವು ಎಂದರು. ಭಾವನ ಮುಖ ಸಡಿಲವಾಯಿತು.

ಹಿಂದಿನ ಮಲಗುವ ಕೋಣೆಯ ಬಾಗಿಲ ಬಳಿ ಅವರು ನಿಂತುಬಿಟ್ಟರು. ಬಾಗಿಲನ್ನು ಹಾಕಿದರು, ತೆಗೆದರು. ಸಲೀಸಾಗಿ ಆಡುತ್ತಿತ್ತು. ಬೆರಳನ್ನು ಬಾಗಿಲಿನ ಮೇಲಂಚಿನ ಉದ್ದಕ್ಕೂ ಎಳೆದರು.

"ಇದನ್ನ ಹೆರೆಸೀರಿ," ಎಂದರು ಮಾಲೀಕರಿಗೆ.

"ಹೂಂ ಮೇಡಂ, ಬಡಗಿ ಕರೆಸಿದ್ದೆ. ಹಿಡೀತಿತ್ತು."

"ಯಾವಾಗ ಹಿಡೀತಿತ್ತು? ಮಳೆಗಾಲದಾಗ?"

ಮಾಲೀಕರು ಯೋಚಿಸಿದರು. "ಇಲ್ಲ. ಬ್ಯಾಸಗಿ. ರಂಜಾನ್ ಹೊತ್ತಿಗೆ."

ಆಕೆ ನಮ್ಮ ಕಡೆ ತಿರುಗಿದರು. "ಮಳೆಗಾಲದಾಗ ಬಾಗ್ಲು ಹಿಡಿದ್ರೆ ಕಟ್ಟಿಗೆ ಉಬ್ಬೈತೆ ಅಂತ ಅರ್ಥ. ಅದಕ್ಕೆ ಹೆದರ್ಬ್ಯಾಡ್ರಿ. ಬ್ಯಾಸಗಿಲಿ ಹಿಡಿದ್ರೆ ಕಟ್ಟಿಗೆ ಅಲ್ಲ, ಚೌಕಟ್ಟೇ ಸರಿದೈತೆ."

ಕಿಟಕಿಯ ಮೂಲೆಗೆ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರು. ಎದುರಿನಿಂದ ನೋಡಿದಾಗ ಕಾಣದ ಒಂದು ಗೆರೆ ಓರೆ ಬೆಳಕಿನಲ್ಲಿ ಕಂಡಿತು. ಕಿಟಕಿಯ ಮೂಲೆಯಿಂದ ಚಾವಣಿಯ ಕಡೆಗೆ ಓರೆಯಾಗಿ ಏರಿತ್ತು. ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದಿದ್ದರು. ಆ ಕೋಣೆಯ ಗೋಡೆ ಹಾಲಿನ ಗೋಡೆಗೆ ಸೇರುವ ಕಡೆ ಇನ್ನೊಂದು ಗೆರೆ, ನೇರವಾಗಿ, ನೆಲದಿಂದ ಮೇಲಿನವರೆಗೆ. ಹಾಲಿನ ಕಿಟಕಿಯ ಬಳಿಯೂ ಒಂದು ಸಣ್ಣದು ಇತ್ತು.

ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಕೊಳವೆ ಹಾಕಲು ತೋಡಿದ ಮಣ್ಣಿನ ಗುಡ್ಡೆ ಇತ್ತು. ಆಕೆ ಹೋಗಿ ಒಂದು ಹೆಂಟೆ ತಂದು ಅಕ್ಕನ ಕೈಯಲ್ಲಿಟ್ಟರು. ಕಪ್ಪಗೆ, ಅಂಟಂಟಾಗಿ, ಬೆರಳಿಗೆ ಮೆತ್ತಿಕೊಳ್ಳುವ ಮಣ್ಣು.

"ಎರಿ ಮಣ್ಣು," ಎಂದಳು ಅಕ್ಕ.

"ನೀವು ಮನಿ ನೋಡಾಕೆ ಬಂದಿದ್ದು ಯಾವಾಗ?"

"ಮೂರು ಸಲಾನೂ ಮಳೆ ಬರೋವಾಗ್ಲೇ. ಬೇಕಂತನೇ ಬಂದ್ವಿ."

"ಸೋರಿಕೆ ನೋಡಾಕೆ ಅದು ಸರಿ. ಎರಿ ನೆಲದ ಮ್ಯಾಲಿನ ಮನಿಗೆ ಅದಷ್ಟೇ ಸಾಲಂಗಿಲ್ಲ. ಮಳ್ಯಾಗೆ ಈ ಮಣ್ಣು ನೀರು ಕುಡಿದು ಉಬ್ತೈತೆ, ಬಿರುಕು ಎಲ್ಲ ಮುಚ್ಚಿಕೊಂತಾವೆ, ಬಾಗ್ಲು ಸಲೀಸಾಗಿ ಆಡ್ತೈತೆ. ಎರಿ ಮ್ಯಾಲಿನ ಮನಿ ವರ್ಷದಾಗ ಚಲೋ ಕಾಣೋದೇ ಈಗ."

ಅಕ್ಕ ಹೆಂಟೆಯನ್ನು ಹಿಡಿದುಕೊಂಡೇ ಇದ್ದಳು. ನಾವು ಬೆಳೆದದ್ದು ಎರೆ ಹೊಲವಿದ್ದ ಮನೆಯಲ್ಲಿ. ಬೇಸಿಗೆಯಲ್ಲಿ ಆ ಹೊಲ ಹೇಗೆ ಬಾಯಿ ಬಿಡುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಲಕ್ಕೆ ಹೋಗುವಾಗ ಬಿರುಕು ನೋಡಿ ಹೆಜ್ಜೆ ಇಡು ಎಂದು ಅವ್ವ ದಿನಾ ಹೇಳುತ್ತಿದ್ದಳು. "ಕುರಿಮರಿ ಕಾಲು ಸಿಕ್ಕೊಂಡಿತ್ತಲ್ಲ ತಮ್ಮ, ಇಂಥದ್ರಾಗೇ," ಎಂದಳು ಅಕ್ಕ ನನಗೆ. ಹೊಲದ ಬಗ್ಗೆ ಗೊತ್ತಿದ್ದ ಈ ಸಂಗತಿಯನ್ನು ಮನೆಯ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಮನೆ ಎಂದರೆ ನಾವು ಮೇಲೆ ನೋಡಿದ್ದೆವು.

ಇಲ್ಲಿ ಇನ್ನೊಂದು ವಿಷಯವನ್ನೂ ಇಂಜಿನಿಯರ್ ಹೇಳಿದರು. ಗದ್ದೆಯಾಗಿದ್ದಾಗ ನಾಲೆಯ ನೀರು ನಿಂತು ಈ ನೆಲ ವರ್ಷದ ಬಹುಭಾಗ ಹಸಿಯಾಗಿರುತ್ತಿತ್ತು. ಲೇಔಟ್ ಆದ ಮೇಲೆ ಆ ನೀರು ಬರುವುದಿಲ್ಲ. ಈಗ ಒಣಗುವಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ.

ಭಾವ ಮಾಲೀಕರ ಕಡೆ ತಿರುಗಿದರು. "ಬಣ್ಣ ಹೊಡ್ದು ಮುಚ್ಚಿದ್ರಿ ಹಂಗಾರೆ," ಎಂದರು ಮಾಲೀಕರಿಗೆ. ಮೈದಾನದಲ್ಲಿ ಹುಡುಗರನ್ನು ಸಾಲಿಗೆ ನಿಲ್ಲಿಸುವ ದನಿ.

ಮಾಲೀಕರು ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. "ಮೇಷ್ಟ್ರೇ, ಈದ್ ಬಂತಂದ್ರೆ ಮನಿಗೆ ಬಣ್ಣ ಹೊಡೆಸ್ತೀವಿ. ನೀವು ದೀಪಾವಳಿಗೆ ಹೊಡೆಸಲ್ಲ? ಬಣ್ಣದೋನು ಬಿರುಕಿದ್ರೆ ಪುಟ್ಟಿ ತುಂಬ್ತಾನೆ, ಹೊಡೀತಾನೆ, ಹೋಗ್ತಾನೆ. ಬಿರುಕು ಇಲ್ಲದ ಮನಿ ಯಾವ್ದೈತೆ ಹೇಳ್ರಿ. ನಾನು ಮುಚ್ಚೋದಿದ್ರೆ ಬಾಗ್ಲು ಬ್ಯಾಸಗಿಲಿ ಹಿಡೀತೈತೆ ಅಂತ ಯಾಕ ಹೇಳ್ತಿದ್ದೆ?"

"ಯಾರು ಮುಚ್ಚಿದ್ರು, ಯಾಕ ಮುಚ್ಚಿದ್ರು ಅಂತ ನಾನು ಬರೆಯಂಗಿಲ್ಲ," ಎಂದರು ಇಂಜಿನಿಯರ್, ಇಬ್ಬರಿಗೂ. "ಬಿರುಕು ಎಲ್ಲೈತೆ, ಎಷ್ಟೈತೆ ಅಂತ ಬರೀತೀನಿ." ಆಮೇಲೆ ಮಾಲೀಕರನ್ನು ಕೇಳಿದರು: "ಈ ಕೋಣಿ ಆಮ್ಯಾಲೆ ಹಾಕಿಸಿದ್ದಾ?"

"ಹೂಂ. ಮಗಳ ಬಾಣಂತನಕ್ಕೆ ಅಂತ, ಗಡಿಬಿಡಿಲಿ ಹಾಕಿಸಿದ್ದು. ಮೊದ್ಲಿನ ಮೇಸ್ತ್ರಿ ಬ್ಯಾರೆ, ಇದರೋನು ಬ್ಯಾರೆ."

"ಪ್ಲಾನಿನ್ಯಾಗೆ ಐತಾ ಅಂತ ವಕೀಲರಿಗೆ ಕೇಳ್ರಿ," ಎಂದರು ಭಾವನಿಗೆ. "ಅದು ನನ್ನ ಕೆಲ್ಸ ಅಲ್ಲ."

ವರದಿ ವಾರದೊಳಗೆ ಬಂತು. ಫೋಟೋಗಳಿದ್ದವು. ಒಂದೊಂದು ದೋಷಕ್ಕೂ ಅದು ಅಪಾಯವೋ, ರಿಪೇರಿಯೋ, ಬರೀ ಅಂದಗೇಡೋ ಎಂದು ಗುರುತು ಮಾಡಿದ್ದರು. ಕೊನೆಯ ಪುಟದಲ್ಲಿ ತಾವು ನೋಡಲಾಗದೇ ಇದ್ದುದನ್ನು ಬರೆದಿದ್ದರು: ಗೋಡೆಯೊಳಗಿನ ಪೈಪು, ಸಾಮಾನು ತುಂಬಿದ್ದ ಅಟ್ಟ, ನೆಲದ ಕೆಳಗಿನ ಪಾಯ. ಕಂಡದ್ದನ್ನು ಮಾತ್ರ ಹೇಳುವ, ಏನನ್ನೂ ಒಡೆದು ನೋಡದ ತಪಾಸಣೆ ಇದು, ಇದು ಖಾತರಿ ಪತ್ರವಲ್ಲ ಎಂದೂ ಇತ್ತು. ಭಾವನಿಗೆ ಆ ಪುಟ ಹಿಡಿಸಲಿಲ್ಲ. ನನಗೆ ಇಡೀ ವರದಿಯ ಮೇಲೆ ನಂಬಿಕೆ ಬಂದದ್ದು ಆ ಪುಟದಿಂದ.

ಹಿಂದಿನ ಕೋಣೆ ಮಾತ್ರ ಸರಿಯುತ್ತಿದೆಯೋ, ಇಡೀ ಮನೆಯೋ ಎಂಬುದು ಈಗ ತಿಳಿಯದು ಎಂಬುದೇ ವರದಿಯ ಸಾರ. ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ಬೇಸಿಗೆ ಕಾಯಬೇಕು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಆಮೇಲೆ ಪಾಯದ ಪಕ್ಕ ಗುಂಡಿ ತೋಡಿಸಿ ನೋಡಬೇಕು.

ಅಕ್ಕ ಫೋನಿನಲ್ಲಿ ನೇರವಾಗಿ ಕೇಳಿದಳು. "ಮೇಡಂ, ತಗಾಬೇಕೋ ಬ್ಯಾಡೋ, ಒಂದ್ ಮಾತು ಹೇಳಿಬಿಡ್ರಿ."

"ಅದನ್ನ ಹೇಳೋಕೆ ಬರಂಗಿಲ್ಲಕ್ಕ. ಪಾಸು ಫೇಲು ನಮ್ಮಲ್ಲಿಲ್ಲ. ಏನು ತಗಂತಿದೀರಿ ಅಂತ ಗೊತ್ತಿದ್ದು ತಗಳ್ರಿ, ಅಷ್ಟೇ."

ಬೇಸಿಗೆ ಬರುವುದು ದೀಪಾವಳಿ ಕಳೆದು ಎಷ್ಟೋ ತಿಂಗಳ ಮೇಲೆ. ದೀಪಾವಳಿಗೆ ಅಕ್ಕ ಮಹಡಿ ಬಿಡಬೇಕು. ಭಾವ ಬೇರೆ ಮನೆ ನೋಡಲು ಶುರುಮಾಡಿದರು. ಸಿಕ್ಕಿದ ಬಾಡಿಗೆ ಮನೆಗಳೆಲ್ಲ ಮತ್ತೆ ಮಹಡಿಯ ಮೇಲೇ ಇದ್ದವು. ಒಂದನ್ನು ನೋಡಲು ಹೋದಾಗ ಅಕ್ಕ ಆಟೋದಿಂದ ಇಳಿಯಲಿಲ್ಲ. ಕೆಳಗಿನಿಂದಲೇ ಮೆಟ್ಟಿಲು ನೋಡಿ, "ನಡೀರಿ ವಾಪಸ್," ಎಂದಳು.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಅವಳು ನನ್ನನ್ನು ಕರೆದುಕೊಂಡು ಮಂಡಿಪೇಟೆಗೆ ಹೋದಳು. ಭಾವನಿಗೆ ಹೇಳಿರಲಿಲ್ಲ. ಅಂಗಡಿಯಲ್ಲಿ ಗೋಣಿಚೀಲದ ಕಟ್ಟಿನ ಮೇಲೆ ಬಟ್ಟೆ ಹಾಸಿ ಮಾಲೀಕರು ಅವಳನ್ನು ಕೂರಿಸಿದರು.

"ಸಾಹೇಬ್ರೆ, ನಂಗೆ ನಿಮ್ಮ ಮನಿ ಬೇಕು. ಆದ್ರೆ ಬ್ಯಾಸಗಿ ನೋಡಿ ಬೇಕು. ಅಲ್ಲಿತನ ನಿಮಗೆ ಕಾಯಾಕೆ ಆಗ್ತೈತಾ?"

"ಕಾಯಾಕೆ ಏನಕ್ಕಾರ, ಬ್ಯಾರೆ ಗಿರಾಕಿ ಬಂದ್ರೂ ಈಗ ನಾನು ಸುಮ್ನೆ ಕೊಡಂಗಿಲ್ಲ. ಗೊತ್ತಾಗೇತಲ್ಲ, ಹೇಳೇ ಕೊಡಬೇಕು. ಹೇಳಿದ್ರೆ ಅವ್ರೂ ಕಾಯ್ತೀವಿ ಅಂತಾರೆ." ಅವರು ಹಗ್ಗದ ಸುರುಳಿಯೊಂದನ್ನು ಪಕ್ಕಕ್ಕೆ ಸರಿಸಿದರು. "ಒಂದ್ ಕೆಲ್ಸ ಮಾಡ್ರಿ. ಬಾಡಿಗಿಗೆ ಬಂದು ಇರ್ರಿ. ಮುಂಗಡ ಬ್ಯಾಡ. ಬ್ಯಾಸಗಿ ನೀವೇ ನೋಡ್ರಿ. ಹಿಡಿಸಿದ್ರೆ ಮಾತಾಡಾಣ, ಹಿಡಿಸ್ಲಿಲ್ಲ ಅಂದ್ರೆ ಸಲಾಂ ಹೇಳಿ ಹೋಗ್ರಿ."

"ಬಾಡಿಗೆ ಎಷ್ಟು?"

"ಆ ಹಿಂದಿನ ಕೋಣಿಗೆ ಬಾಡಿಗಿ ಹಿಡಿಯಂಗಿಲ್ಲ ಬಿಡ್ರಿ. ಅದು ಮೇಡಂ ಕೋಣಿ."

ಬ್ರೋಕರ್‌ಗೆ ಈ ಏರ್ಪಾಡು ತಿಳಿದಾಗ ಅವರು ನನಗೆ ಫೋನ್ ಮಾಡಿದರು. "ನೀವು ಪೇಪರ್‌ನೋರು ಒಂದ್ ಮದಿವಿ ನಿಲ್ಸಿ, ಹುಡುಗೀನ ಹುಡುಗನ ಮನ್ಯಾಗೆ ಇರಿಸಿದ್ರಿ," ಎಂದು ಫೋನಿಟ್ಟರು.

ಭಾವನಿಗೆ ಮೊದಲು ಮುಜುಗರವಿತ್ತು. ಬಾಡಿಗೆ ಕರಾರು ಬರೆಸುವ ದಿನ ಮಾಲೀಕರ ಎದುರು ಕುಳಿತು, ಅಂದು ಮುಚ್ಚಿದ್ರಿ ಎಂದಿದ್ದು ತಪ್ಪಾಯಿತು ಎಂದರು. ಮಾಲೀಕರು, "ಚಹಾ ಆರ್ತೈತೆ ಮೇಷ್ಟ್ರೇ," ಎಂದರು.

ದಸರಾಕ್ಕೆ ಮುಂಚೆ ಸಾಮಾನು ಹೋಯಿತು. ಇಂಜಿನಿಯರ್ ಬಂದು ಮೂರು ಕಡೆ ಗಾಜಿನ ಪಟ್ಟಿ ಅಂಟಿಸಿದರು: ಹಿಂದಿನ ಕೋಣೆಯ ಕಿಟಕಿಯ ಮೇಲೆ, ಆ ಕೋಣೆ ಹಾಲಿಗೆ ಸೇರುವಲ್ಲಿ, ಹಾಲಿನ ಕಿಟಕಿಯ ಬಳಿ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ಹರಿಹರದ ಗಿರಾಕಿಗಳಲ್ಲಿ ಕೆಲವರು ಬಸ್ಸು ಹತ್ತಿ ಬರತೊಡಗಿದರು. ಸಂಜೆ ಹೊತ್ತು ಅವಳು ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದಳು. ಅದು ಅವಳು ಎಷ್ಟೋ ಕಾಲದಿಂದ ಬಿಟ್ಟಿದ್ದ ಕೆಲಸ.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಭಾವ ದಿನಾ ಬೆಳಿಗ್ಗೆ ಟಾರ್ಚು ಹಿಡಿದು ಗಾಜು ನೋಡತೊಡಗಿದರು. "ಪೇಪರ್ ಓದೋದು ಬಿಟ್ಟು ಈಗ ಗೋಡಿ ಓದ್ತಾರೆ ನಿಮ್ಮ ಭಾವ," ಎಂದಳು ಅಕ್ಕ ಫೋನಿನಲ್ಲಿ. "ಸುದ್ದಿ ಏನೂ ಇಲ್ಲ ಅಂತಾರೆ, ಬೇಜಾರಿಲೆ."

ಏಪ್ರಿಲ್‌ನಲ್ಲಿ ಕೋಣೆ ಮತ್ತು ಹಾಲು ಸೇರುವ ಕಡೆಯ ಗಾಜು ಒಡೆಯಿತು. ಕೆಲವು ದಿನಗಳಲ್ಲಿ ಕೋಣೆಯ ಕಿಟಕಿಯದೂ ಒಡೆಯಿತು. ಪುಟ್ಟಿ ಉದುರಿ, ಗೆರೆಯಿದ್ದ ಕಡೆ ನಾಣ್ಯ ತೂರುವಷ್ಟು ಸಂದಿ ಕಂಡಿತು. ಬಾಗಿಲು ಹಿಡಿಯಿತು. ಹಾಲಿನ ಕಿಟಕಿಯ ಬಳಿಯ ಪಟ್ಟಿ ಹಾಗೇ ಇತ್ತು.

ಮೇ ತಿಂಗಳಲ್ಲಿ ಎರಡು ಕಡೆ ಗುಂಡಿ ತೋಡಿಸಿದರು. ಅದರ ಖರ್ಚನ್ನು ಮಾಲೀಕರು ಮತ್ತು ಭಾವ ಸಮನಾಗಿ ಹಂಚಿಕೊಂಡರು. ಹಾಲಿನ ಕೆಳಗಿನ ಪಾಯ ಎರೆ ಮಣ್ಣನ್ನು ದಾಟಿ ಗಟ್ಟಿ ಗರಸು ನೆಲದ ಮೇಲೆ ಕುಳಿತಿತ್ತು. ಹಿಂದಿನ ಕೋಣೆಯ ಪಾಯ ಎರೆಯಲ್ಲೇ ನಿಂತಿತ್ತು. ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದ ಮಾಲೀಕರು, "ಬಾಣಂತಿಗೆ ಇಂಥ ಕೋಣಿ ಕಟ್ಟಿಸಿದ್ನಲ್ಲ ನಾನು," ಎಂದರು. ಆ ಕೋಣೆ ಪ್ಲಾನಿನಲ್ಲಿಯೂ ಇರಲಿಲ್ಲ ಎಂದು ಅಷ್ಟರಲ್ಲಿ ವಕೀಲರು ತಿಳಿಸಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಮಾತಾಯಿತು.

ಜೂನ್ ಕೊನೆಯಲ್ಲಿ ಮನೆ ಅಕ್ಕನ ಹೆಸರಿಗೆ ನೋಂದಣಿಯಾಯಿತು. ಅರ್ಥಿಂಗ್ ಮತ್ತು ಬಚ್ಚಲಿನ ಟೈಲ್ಸ್ ಕೆಲಸ ಮುಗಿದಿದೆ. ಹಿಂದಿನ ಕೋಣೆ ಕೆಡವುವ ಕೆಲಸ ಈ ಸೋಮವಾರ ಶುರುವಾಗಿದೆ. ನಿನ್ನೆ ಸಂಜೆಯ ಹೊತ್ತಿಗೆ ಮೂರು ಗೋಡೆ ಇಳಿದಿದ್ದವು.